ಕನ್ನಮ್‌ವಾರ್ ನಗರದಿಂದ ಐರೋಳಿಗೆ, ಒಂದು ಹಳೆಯ ಹೋಂಡಾದಲ್ಲಿ

"ಒಂದು ಪ್ರವಾಸ ಲೇಖನ ಬರೆದುಕೊಡಿ, ನಮ್ಮ ಹುಡುಗ ಹುಡುಗಿಯರೂ ಓದುವಂತಿರಲಿ" ಎಂದು ಸಂಘದ ಪತ್ರಿಕೆಯವರು ಕೇಳಿದಾಗ ನನಗೆ ನಗು ಬಂತು. ಕಾಶಿ, ಬದರಿ, ಸಿಂಗಾಪುರ ಎಂದು ತಿರುಗಿ ಬಂದವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನೋ ವಿಕ್ರೋಳಿಯ ಗೃಹಿಣಿ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವುದೇ ನನ್ನ ದೊಡ್ಡ ಪ್ರವಾಸ. ಆದರೂ ಕಳೆದ ೨೦೨೫ರ ನವೆಂಬರಿನಲ್ಲಿ ನಾನು ಒಂದು ಪ್ರಯಾಣ ಮಾಡಿದೆ. ಹೋಗಿಬರಲು ಹೆಚ್ಚೆಂದರೆ ಇಪ್ಪತ್ತೈದು ಕಿಲೋಮೀಟರು. ಅದನ್ನೇ ಬರೆಯುತ್ತೇನೆ. ಮಕ್ಕಳೇ, ಇದು ನಿಮಗಾಗಿ ಬರೆದದ್ದು. ನಿಮ್ಮ ಅಪ್ಪ ಅಮ್ಮಂದಿರು ಪಕ್ಕದಲ್ಲಿ ಕುಳಿತು ಓದಿದರೂ ನನ್ನ ಅಡ್ಡಿಯಿಲ್ಲ.

ಮೊದಲು ಊರಿನ ವಿಷಯ. ನಾನು ೧೯೯೩ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದಾಗ "ನಮ್ಮ ಮನೆ ಕನ್ನಮ್‌ವಾರ್ ನಗರದಲ್ಲಿ" ಎಂದು ಇವರು ಹೇಳಿದ್ದು ನನ್ನ ಕಿವಿಗೆ "ಕನ್ನಡದವರ ನಗರ" ಎಂದು ಕೇಳಿಸಿತ್ತು. ಮುಂಬಯಿಯಲ್ಲಿ ನಮ್ಮವರಿಗಾಗಿಯೇ ಒಂದು ನಗರವಿದೆಯಲ್ಲ ಎಂದು ಹಿಗ್ಗಿದ್ದೆ! ಬಂದು ನೋಡಿದರೆ ಸಾಲುಸಾಲಾಗಿ ಸರಕಾರಿ ಕಾಲೋನಿಯ ಕಟ್ಟಡಗಳು, ಕೆಳಗೆ ಮರಾಠಿ ಕಾಕೂಗಳು, ಎದುರಿಗೆ ವಡಾಪಾವಿನ ಗಾಡಿ. ಆಮೇಲೆ ತಿಳಿಯಿತು: ೧೯೬೨ರಿಂದ ೧೯೬೩ರವರೆಗೆ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮಾರೋತ್‌ರಾವ್ ಕನ್ನಮ್‌ವಾರ್ ಅವರ ಹೆಸರು ಅದು. ಹೆಸರು ನಮ್ಮದಲ್ಲವಾದರೂ ಮೂವತ್ತೆರಡು ವರ್ಷಗಳಲ್ಲಿ ನಗರವಂತೂ ನಮ್ಮದಾಯಿತು.

ನಮ್ಮ ಪೂರ್ವಕ್ಕೆ ಕಾಂಡ್ಲಾಕಾಡು, ಅದರಾಚೆ ಠಾಣೆಯ ಖಾರಿ. ಪಶ್ಚಿಮಕ್ಕೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ. ಹೆದ್ದಾರಿ ದಾಟಿದರೆ ಗೋದ್ರೆಜ್‌ನವರ ವಿಶಾಲವಾದ ಜಾಗ. ೧೯೪೩ರಲ್ಲಿ ಪಿರೋಜ್‌ಶಾ ಗೋದ್ರೆಜ್ ಅವರು ಈ ಜಮೀನನ್ನು ಕೊಂಡಾಗ ಇಲ್ಲಿ ಹೆಚ್ಚಾಗಿ ಜೌಗು, ಪೊದೆಗಳೇ ಇದ್ದವಂತೆ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಬೇಕಾದ ಲಕ್ಷಗಟ್ಟಲೆ ಮತಪೆಟ್ಟಿಗೆಗಳು ತಯಾರಾದದ್ದು ಇಲ್ಲಿಯೇ. ೧೯೫೫ರಲ್ಲಿ ದೇಶೀಯ ಟೈಪ್‌ರೈಟರ್ ಮಾಡಿದ ಸಂಸ್ಥೆಯೂ ಇದೇ. ಈಗ ಇಸ್ರೋದ ರಾಕೆಟ್ಟುಗಳಿಗೆ ಎಂಜಿನ್ ಭಾಗಗಳು ಇಲ್ಲಿಂದ ಹೋಗುತ್ತವೆ. ಹಾಗಾಗಿ ವಿಕ್ರೋಳಿಯೆಂದರೆ ಯಂತ್ರಗಳ ಊರು. ಆ ಊರಿನಲ್ಲಿ ಹುಟ್ಟಿ ಬೆಳೆದ ಮಗನಿಗೆ ಯಂತ್ರದ ಹುಚ್ಚು ಹಿಡಿದದ್ದು ಆಶ್ಚರ್ಯವೇನಲ್ಲ.

ಮಗ ಹುಟ್ಟಿದ್ದು ೧೯೯೮ರಲ್ಲಿ. ಈಗ ಐರೋಳಿಯ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಪಾಳಿ ಮುಗಿಯುವುದು ರಾತ್ರಿ ಎರಡು ಗಂಟೆಗೆ. ಹಗಲಲ್ಲಾದರೆ ರೈಲಿನಲ್ಲಿ ಠಾಣೆಗೆ ಹೋಗಿ ಅಲ್ಲಿಂದ ಐರೋಳಿಯ ಗಾಡಿ ಹಿಡಿಯಬಹುದು. ಅಪರಾತ್ರಿಯಲ್ಲಿ ಅದೆಲ್ಲಿ? ಬೈಕಿನಲ್ಲಿ ಬರುತ್ತಿದ್ದ. ೨೦೨೪ರ ಜುಲೈಯ ಒಂದು ರಾತ್ರಿ, ಧೋ ಎಂದು ಮಳೆ ಸುರಿಯುವಾಗ, ಹೆದ್ದಾರಿಯ ಹೊಂಡದಲ್ಲಿ ಜಾರಿ ಬಿದ್ದು ಕೊರಳೆಲುಬು ಮುರಿದುಕೊಂಡ. ಹಿಂದಿನಿಂದ ಬರುತ್ತಿದ್ದ ಟೆಂಪೋದವನು ಸಮಯಕ್ಕೆ ಬ್ರೇಕು ಹಾಕಿದ್ದರಿಂದ ನನಗೆ ಮಗ ಉಳಿದ. ಅಂದಿನಿಂದ ಅವನು ಮನೆ ಸೇರುವವರೆಗೆ ನಾನು ಕಿಟಕಿಯ ಬಳಿ ನಿಂತಿರುತ್ತಿದ್ದೆ. ಒಳಗೆ ಇವರು ಮಲಗಿದಂತೆ ನಟಿಸುತ್ತಿದ್ದರು.

ಹೀಗಾಗಿ ನಾಲ್ಕು ಚಕ್ರ ಬೇಕು ಎನ್ನುವುದರಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ಜಗಳವೆದ್ದದ್ದು ಯಾವ ಕಾರು ಎನ್ನುವುದರಲ್ಲಿ.

ಮಗನಿಗೆ ಚಿಕ್ಕಂದಿನಿಂದ ಜಪಾನಿ ಕೂಪೆಗಳ ಮೋಹ. ಕೂಪೆ ಎಂಬ ಫ್ರೆಂಚ್ ಶಬ್ದಕ್ಕೆ ಕತ್ತರಿಸಿದ್ದು ಎಂದರ್ಥ. ಹಿಂದಿನ ಕಾಲದ ನಾಲ್ಕು ಜನರ ಕುದುರೆಗಾಡಿಯನ್ನು ಮೊಟಕು ಮಾಡಿ ಇಬ್ಬರಿಗೆ ಮಾತ್ರ ಮಾಡಿದ ಗಾಡಿ ಅದು. ರೈಲಿನ ಮೊದಲ ದರ್ಜೆಯಲ್ಲಿ ಇಬ್ಬರೇ ಮಲಗುವ ಕೋಣೆಗೆ ಕೂಪೆ ಎನ್ನುತ್ತಾರಲ್ಲ, ಅದೇ ಶಬ್ದ. ಕಾರಿನಲ್ಲಾದರೆ ಎರಡೇ ಬಾಗಿಲು, ಹಿಂದಕ್ಕೆ ಇಳಿಜಾರಾದ ಮಾಡು. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಕಾಲೇಜಿಗೆ ಹೋಗಲೆಂದು ಅಂಥದೇ ಒಂದು ಹಳೆಯ ಹೋಂಡಾ ಸಿವಿಕ್ ಕೊಂಡಿದ್ದ. ಅಲ್ಲಿ ಹೋಂಡಾ ಸಿಆರ್‌ಎಕ್ಸ್, ಇಂಟೆಗ್ರಾ, ಟೊಯೋಟಾ ಸೆಲಿಕಾ ಮುಂತಾದ ಹಳೆಯ ಗಾಡಿಗಳನ್ನು ಹುಡುಗರು ತಮ್ಮ ಮೊದಲ ದುಡಿಮೆಯಲ್ಲಿ ಕೊಂಡು, ದಿನಾ ಓಡಿಸಿ, ತಾವೇ ರಿಪೇರಿ ಮಾಡುತ್ತಾರಂತೆ. ಹೆಚ್ಚು ಬೆಲೆಯಿಲ್ಲ, ಹಗುರವಾದ ಮೈ, ಚುರುಕಾದ ಎಂಜಿನ್. ಅದೇ ಅವುಗಳ ಆಕರ್ಷಣೆ.

ನಮ್ಮ ದೇಶದ ಕಥೆಯೇ ಬೇರೆ. ನಾನು ಚಿಕ್ಕವಳಿದ್ದಾಗ ಕಾರು ಎಂದರೆ ಅಂಬಾಸಿಡರ್, ಇಲ್ಲವೇ ಫಿಯಟ್. ಆ ಫಿಯಟ್, ಅಂದರೆ ಪ್ರೀಮಿಯರ್ ಪದ್ಮಿನಿ, ತಯಾರಾಗುತ್ತಿದ್ದದ್ದು ನಮ್ಮ ಪಕ್ಕದ ಕುರ್ಲಾದಲ್ಲಿ. ಕಪ್ಪು ಹಳದಿ ಬಣ್ಣದ ಕೊನೆಯ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ರಸ್ತೆಯಿಂದ ಇಳಿದದ್ದು ೨೦೨೩ರ ಅಕ್ಟೋಬರಿನಲ್ಲಿ. ೧೯೮೩ರ ಡಿಸೆಂಬರ್ ೧೪ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ ೮೦೦ರ ಕೀಲಿಕೈಯನ್ನು ಹರ್‌ಪಾಲ್ ಸಿಂಗ್ ಎಂಬವರಿಗೆ ಕೊಟ್ಟಾಗ ಜಪಾನಿ ಕಾರು ಜನಸಾಮಾನ್ಯರ ಕೈಗೆ ಬಂತು. ಆದರೆ ಕೂಪೆ ಮಾತ್ರ ಬರಲಿಲ್ಲ. ಅಜ್ಜ ಅಜ್ಜಿ, ಮಕ್ಕಳು, ಊರಿಗೆ ಒಯ್ಯುವ ಗಂಟುಮೂಟೆ ಎಲ್ಲವೂ ಹಿಡಿಯಬೇಕಾದ ನಮ್ಮ ಸಂಸಾರಗಳಿಗೆ ಎರಡು ಬಾಗಿಲಿನ ಕಾರನ್ನು ಯಾರು ಮಾರಿಯಾರು?

ಕೂಪೆಗೆ ತೀರ ಹತ್ತಿರವಾದದ್ದು ಬಂದದ್ದು ೧೯೯೮ರಲ್ಲಿ, ನನ್ನ ಮಗ ಹುಟ್ಟಿದ ವರ್ಷ. ಅದೇ ಹೋಂಡಾ ಸಿಟಿ. ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ನೋಡಲು ಸಾಧು ಸಂಸಾರಸ್ಥ. ಆದರೆ ಒಳಗಿನ ಎಲುಬುಗೂಡು ಎಂಬತ್ತರ ದಶಕದ ಸಿವಿಕ್‌ನದು. ಸಿಆರ್‌ಎಕ್ಸ್ ಕೂಪೆಯೂ ಅದೇ ಮನೆತನದ್ದು. ೨೦೦೦ದಲ್ಲಿ ಇದಕ್ಕೆ ಒಂದೂವರೆ ಲೀಟರಿನ ವಿಟೆಕ್ ಎಂಜಿನ್ ಬಂತು. ೧೦೬ ಅಶ್ವಶಕ್ತಿ. ಆಗಿನ ಮಾರುತಿ ೮೦೦ಕ್ಕೆ ನಲವತ್ತೂ ಇರಲಿಲ್ಲ ಎಂದರೆ ಲೆಕ್ಕ ಹಾಕಿಕೊಳ್ಳಿ. ೨೦೦೩ರಲ್ಲಿ ಈ ಮಾದರಿ ನಿಂತು ಹೊಸ ಸಿಟಿ ಬಂದಾಗ ಅದರ ಎಂಜಿನಿಗೆ ೭೭ ಅಶ್ವಶಕ್ತಿ ಮಾತ್ರ. ಕಂಪನಿಯವರು ಪಿಕಪ್ಪಿಗಿಂತ ಆವರೇಜಿಗೆ ಮಣೆ ಹಾಕಿದ್ದರು. ಅದಕ್ಕೇ ಗಾಡಿಯ ಹುಚ್ಚಿನವರು ಇಂದಿಗೂ ಹಳೆಯ ವಿಟೆಕ್ಕನ್ನೇ ಹುಡುಕಿಕೊಂಡು ಹೋಗುತ್ತಾರೆ.

ವಿಟೆಕ್ ಎಂದರೇನು ಎಂದು ಮಗನನ್ನು ಕೇಳಿದೆ. ಅವನು ಹೇಳಿದ್ದು ನನ್ನ ತಲೆಗೆ ಹತ್ತಲಿಲ್ಲ. ಕೊನೆಗೆ ನಾನೇ ನಮ್ಮ ಹೋಟೆಲಿನ ಭಾಷೆಗೆ ಇಳಿಸಿಕೊಂಡೆ. ಒಲೆ ಒಂದೇ, ಬರ್ನರು ಎರಡು. ಗಿರಾಕಿ ಕಡಿಮೆಯಿದ್ದಾಗ ಸಣ್ಣದು ಮಾತ್ರ ಉರಿಯುತ್ತದೆ, ಗ್ಯಾಸು ಉಳಿಯುತ್ತದೆ. ಗದ್ದಲದ ಹೊತ್ತಿಗೆ ದೊಡ್ಡದು ತಾನಾಗಿ ಹೊತ್ತಿಕೊಳ್ಳುತ್ತದೆ. ಎಂಜಿನಿನಲ್ಲಿಯೂ ಗಾಳಿ ಪೆಟ್ರೋಲನ್ನು ಒಳಬಿಡುವ ಕವಾಟಗಳನ್ನು ತೆರೆಯಲು ಎರಡು ಬಗೆಯ ಉಬ್ಬುಗಳಿವೆಯಂತೆ. ನಿಧಾನದಲ್ಲಿ ಚಿಕ್ಕ ಉಬ್ಬು, ಎಂಜಿನ್ ಜೋರಾಗಿ ತಿರುಗತೊಡಗಿದರೆ ಎಣ್ಣೆಯ ಒತ್ತಡದಿಂದ ಒಂದು ಕೀಲು ಸರಿದು ದೊಡ್ಡ ಉಬ್ಬು ಕೆಲಸಕ್ಕೆ ಇಳಿಯುತ್ತದೆ. ಹೋಂಡಾದವರು ಇದನ್ನು ಮೊದಲು ೧೯೮೯ರ ಇಂಟೆಗ್ರಾದಲ್ಲಿ ಹಾಕಿದರು. "ಹಾಗೆಯೇ ಅಮ್ಮ, ಕರೆಕ್ಟ್" ಎಂದ ಮಗ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದವಳಿಗೆ ಇದು ಸಣ್ಣ ಪದವಿಯೇನಲ್ಲ!

ಇವರಿಗೆ ಇದು ಯಾವುದೂ ಸರಿಬರಲಿಲ್ಲ. "ಇಪ್ಪತ್ತಮೂರು ವರ್ಷದ ಗಾಡಿ ಎಂತಕ್ಕೆ ಮಾರಾಯ? ಏರ್‌ಬ್ಯಾಗ್ ಇಲ್ಲ, ಎಂತದೂ ಇಲ್ಲ. ಕಂತಿನ ಮೇಲೆ ಹೊಸತು ತೆಗೆದುಕೊ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆಗ ಮಗ ಆಡಬಾರದ ಒಂದು ಮಾತು ಆಡಿದ: "ನಿಮ್ಮ ಹಾಗೆ ಜೀವನವಿಡೀ ಬಡ್ಡಿ ಕಟ್ಟಿಕೊಂಡು ಕೂರುವುದಕ್ಕೆ ನನ್ನಿಂದ ಆಗುವುದಿಲ್ಲ ಪಪ್ಪ."

ಇದರ ಹಿಂದಿನ ಕಥೆ ಹೇಳದಿದ್ದರೆ ನಿಮಗೆ ಅರ್ಥವಾಗದು. ವಿಕ್ರೋಳಿ ಪಶ್ಚಿಮದಲ್ಲಿ, ಸ್ಟೇಶನ್ನಿಂದ ಕೆಲವೇ ಹೆಜ್ಜೆ ದೂರದಲ್ಲಿ ನಮ್ಮದೊಂದು ಚಿಕ್ಕ ಹೋಟೆಲಿತ್ತು. ಹತ್ತು ಮೇಜು, ಇಡ್ಲಿ, ಬನ್ಸ್, ಮಧ್ಯಾಹ್ನಕ್ಕೆ ರೈಸ್ ಪ್ಲೇಟ್. ೨೦೨೦ರ ಲಾಕ್‌ಡೌನಿನಲ್ಲಿ ಬಾಗಿಲು ಮುಚ್ಚಿತು. ಬಾಡಿಗೆ, ಹುಡುಗರ ಸಂಬಳ, ಹಿಂದೆ ರಿಪೇರಿಗೆಂದು ತೆಗೆದ ಸಾಲ, ಎಲ್ಲ ಸೇರಿ ೨೦೨೧ರಲ್ಲಿ ಹೋಟೆಲನ್ನೇ ಬಿಟ್ಟುಕೊಡಬೇಕಾಯಿತು. ಉಳಿದ ಸಾಲ ತೀರಿದ್ದು ಮಗನ ಸಂಬಳದಿಂದಲೂ ಸೇರಿಸಿ, ೨೦೨೪ರ ಕೊನೆಗೆ. ಆದ್ದರಿಂದ ಮಗನ ಮಾತು ಸುಳ್ಳಲ್ಲ. ನಿಜವಾದ ಕಾರಣಕ್ಕೇ ಅದು ಚುಚ್ಚಿತು. ಇವರು ಊಟದ ತಟ್ಟೆಯ ಮುಂದಿನಿಂದ ಎದ್ದು ಕೈ ತೊಳೆದರು. ಎರಡು ವಾರ ಅಪ್ಪ ಮಗ ನನ್ನ ಮೂಲಕ ಮಾತಾಡಿದರು. "ಅವನಿಗೆ ಹೇಳು", "ಪಪ್ಪನಿಗೆ ಹೇಳು". ನಾನು ಅಂಚೆಯವಳಾದೆ.

ಅಕ್ಟೋಬರಿನಲ್ಲಿ, ದೀಪಾವಳಿ ಕಳೆದ ಭಾನುವಾರ, ಕುರ್ಲಾದ ಒಬ್ಬ ವ್ಯಾಪಾರಿಯಲ್ಲಿ ಗಾಡಿ ಸಿಕ್ಕಿದೆ ಎಂದು ಮಗ ಕುಣಿದಾಡಿದ. ಕೆಂಪು ಬಣ್ಣ, ಕನ್ನಡಿಯ ಹಾಗೆ ಹೊಳೆಯುವ ಪಾಲಿಶು, ಹೊಸ ಸೀಟು ಕವರು. ಟೋಕನ್ ಕೊಡಲು ಹಣವನ್ನೂ ಕಿಸೆಯಲ್ಲಿ ಇಟ್ಟುಕೊಂಡಿದ್ದ. ನಾನು ಹಟ ಹಿಡಿದು ಇವರನ್ನೂ ಹೊರಡಿಸಿದೆ. ಇವರು ಒಂದು ಮಾತೂ ಆಡದೆ ಗಾಡಿಯ ಸುತ್ತ ಒಂದು ಸುತ್ತು ಬಂದರು. ಬಾನೆಟ್ ತೆರೆದು ನೋಡಲಿಲ್ಲ. ನೇರ ಡ್ರೈವರ್ ಸೀಟಿನ ಬದಿಗೆ ಮೊಣಕಾಲೂರಿ, ಕಾರ್ಪೆಟ್ಟಿನ ಅಂಚನ್ನು ಎತ್ತಿ, ಒಳಗೆ ಬೆರಳು ತೂರಿಸಿದರು. ಆಮೇಲೆ ಡಿಕ್ಕಿ ತೆರೆಸಿ ಸ್ಟೆಪ್ನಿ ತೆಗೆದು ಅದರ ಕೆಳಗಿನ ಗುಂಡಿಯನ್ನು ಕೆರೆದರು. ಬೆರಳ ತುದಿಗೆ ನಯವಾದ ಕಂದು ಪುಡಿ ಹತ್ತಿತ್ತು. ಮೂಸಿ ನೋಡಿ ಮಗನ ಮುಂದೆ ಹಿಡಿದರು.

"ಇದು ನೆರೆಯಲ್ಲಿ ಮುಳುಗಿದ ಗಾಡಿ."

ಎರಡು ವಾರಗಳ ನಂತರ ಮಗನಿಗೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

ಮಕ್ಕಳೇ, ೨೦೦೫ರ ಜುಲೈ ೨೬ ನಿಮ್ಮಲ್ಲಿ ಹಲವರಿಗೆ ನೆನಪಿರಲಾರದು. ಆ ದಿನ ಸಾಂತಾಕ್ರೂಜ್ ವೇಧಶಾಲೆಯಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ದಾಖಲಾಯಿತು. ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾ ಮುಳುಗಿದವು. ನಮ್ಮ ಹೋಟೆಲಿನಲ್ಲಿಯೂ ಸೊಂಟದ ಮಟ್ಟದ ನೀರು. ನೀರು ಇಳಿದ ಮೇಲೆ ಇವರೂ ಇಬ್ಬರು ಹುಡುಗರೂ ಹತ್ತು ದಿನ ಕೆಸರು ತೆಗೆದರು. ಮಿಕ್ಸಿಯ ಮೋಟಾರಿನೊಳಗೆ, ಫ್ರಿಜ್ಜಿನ ತಳದಲ್ಲಿ, ಮೇಜಿನ ಕಾಲಿನ ಕೊಳವೆಯೊಳಗೆ, ಎಲ್ಲೆಂದರಲ್ಲಿ ಅದೇ ಕಂದು ಪುಡಿ. ವರ್ಷಗಳ ಮೇಲೆಯೂ ಯಾವುದೋ ಸಂದಿಯಿಂದ ಉದುರುತ್ತಿತ್ತು. ಆ ದಿನ ನಗರದಲ್ಲಿ ಸಾವಿರಾರು ಕಾರುಗಳೂ ಮುಳುಗಿದ್ದವು. ತೊಳೆದು, ಒಣಗಿಸಿ, ಬಣ್ಣ ಬಳಿದು ಮಾರಿದವರು ಎಷ್ಟೋ ಮಂದಿ. ಇವರ ಬೆರಳು ಆ ಪುಡಿಯನ್ನು ಮರೆತಿರಲಿಲ್ಲ.

"ಸೀಟಿನ ಬೋಲ್ಟು ನೋಡು, ತುಕ್ಕು" ಎಂದರು ಇವರು.

"ತುಕ್ಕು ಅಂದರೆ?"

"ಜಂಗ್ ಮಾರಾಯ, ಜಂಗ್! ಇಷ್ಟು ಗಾಡಿ ಗಾಡಿ ಎನ್ನುತ್ತಿ, ತುಕ್ಕು ಗೊತ್ತಿಲ್ಲವಾ?"

ಮಗ ನಕ್ಕ. ಇವರು ನಗಲಿಲ್ಲ, ಆದರೆ ಬರುವಾಗ ಬಸ್ಸಿನಲ್ಲಿ ಅಪ್ಪ ಮಗ ಒಂದೇ ಸೀಟಿನಲ್ಲಿ ಕುಳಿತರು. ಟೋಕನ್ನಿನ ಹಣ ಕಿಸೆಯಲ್ಲಿಯೇ ಉಳಿಯಿತು.

ಎರಡನೆಯ ಗಾಡಿ ಸಿಕ್ಕಿದ್ದು ಮುಲುಂಡಿನಲ್ಲಿ. ನಿವೃತ್ತರಾದ ಒಬ್ಬ ಹಿರಿಯರದು. ೨೦೦೨ರ ಸಿಟಿ ವಿಟೆಕ್, ಬೂದು ಬೆಳ್ಳಿಯ ಬಣ್ಣ, ಎಡಬದಿಯ ಬಾಗಿಲಿನಲ್ಲಿ ಒಂದು ನೆಗ್ಗು. ಅಷ್ಟೇನೂ ಹೊಳಪಿರಲಿಲ್ಲ. ಇವರು ಈ ಬಾರಿ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಯಾಕೆಂದು ಕೇಳಿದರೆ, "ಗಿರಾಕಿ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದಾರೆ ಎಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದರ್ಥ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಹೊಗೆ ನೋಡಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ" ಎಂದರು. ಹೊಗೆ ಬರಲಿಲ್ಲ. ಕಾರ್ಪೆಟ್ಟಿನ ಕೆಳಗೆ ಒಣಗಿದ ಶೇಂಗಾ ಸಿಪ್ಪೆ ಮಾತ್ರ ಸಿಕ್ಕಿತು.

ಕಾಗದಪತ್ರ ಓದುವ ಕೆಲಸ ನನ್ನ ಪಾಲಿಗೆ ಬಂತು. ಬಿ.ಎ. ಓದಿದ್ದು ಅಲ್ಲಿ ಉಪಯೋಗಕ್ಕೆ ಬಂತು ನೋಡಿ. ನೀವು ಯಾರಾದರೂ ಹಳೆಯ ಗಾಡಿ ಕೊಳ್ಳುವುದಿದ್ದರೆ ಇದನ್ನು ಮನಸ್ಸಿನಲ್ಲಿಡಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ, ಪರಿಸರ ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬೇಕು. ದಿಲ್ಲಿಯಲ್ಲಿರುವ ಹತ್ತು, ಹದಿನೈದು ವರ್ಷಗಳ ನಿರ್ಬಂಧ ನಮ್ಮ ಮುಂಬಯಿಗೆ ಬಂದಿಲ್ಲ. ಈ ಗಾಡಿಯ ನವೀಕರಣ ೨೦೧೭ರಲ್ಲಿ ಒಮ್ಮೆ, ೨೦೨೨ರಲ್ಲಿ ಇನ್ನೊಮ್ಮೆ ಆಗಿತ್ತು. ಮುಂದಿನದು ೨೦೨೭ರಲ್ಲಿ. ೨೦೨೫ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು ೧೦,೦೦೦ ರೂಪಾಯಿಗೆ ಏರಿಸಿದೆ. ಆ ಹಣವನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಸಾಲ ತೀರಿದ್ದಕ್ಕೆ ಫಾರ್ಮ್ ೩೫ ಕೇಳಬೇಕು. ಹೆಸರು ಬದಲಾಯಿಸಲು ಫಾರ್ಮ್ ೨೯, ೩೦. ಹಳೆಯ ದಂಡದ ಚಲಾನುಗಳು ಬಾಕಿ ಇವೆಯೇ ನೋಡಬೇಕು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚೊತ್ತಿರುತ್ತದೆ. ೨೩೧೯ ಎಂದಿದ್ದರೆ ೨೦೧೯ರ ೨೩ನೆಯ ವಾರದಲ್ಲಿ ತಯಾರಾದದ್ದು. ಇದು ಮಾತ್ರ ಮಗ ನನಗೆ ಕಲಿಸಿದ್ದು.

ಒಂದು ಲಕ್ಷ ಅರುವತ್ತು ಸಾವಿರಕ್ಕೆ ಮಾತು ಮುಗಿಯಿತು. ಎಲ್.ಬಿ.ಎಸ್. ಮಾರ್ಗದ ಗ್ಯಾರೇಜಿನಲ್ಲಿ ಇನ್ನೂ ಮೂವತ್ತೆಂಟು ಸಾವಿರ ಹೋಯಿತು. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ನಾಲ್ಕು ಟಯರು, ಸಸ್ಪೆನ್ಶನ್ನಿನ ರಬ್ಬರುಗಳು. ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಇಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳು ಬೇಗ ಬಿರಿಯುತ್ತವೆ ಎಂದು ಮೆಕ್ಯಾನಿಕ್ ಅವನ್ನೂ ಬದಲಾಯಿಸಿದ. ಕೆಲವು ಸಾಮಾನು ಹೊಸತು ಸಿಗದೆ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಗುಜರಿ ಅಂಗಡಿಗಳನ್ನು ಸುತ್ತಬೇಕಾಯಿತು. ಅಪ್ಪ ಮಗ ಮೂರು ಶನಿವಾರ ಜೊತೆಯಾಗಿ ಸುತ್ತಿದರು. ಇಷ್ಟಾಗಿಯೂ ಸಾಲವಿಲ್ಲ, ಕಂತಿಲ್ಲ.

ಗಾಡಿಯ ಬಗ್ಗೆ ಬರೇ ಹೊಗಳಿಕೆ ಬರೆದರೆ ಅದು ಮೋಸವಾದೀತು. ನಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ. ಇವರು ಮೊದಲ ದಿನ ಹೇಳಿದ ಆ ಮಾತಿಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಬೈಕಿಗಿಂತ ವಾಸಿ ಎನ್ನಬಹುದು, ಅಷ್ಟೇ. ೨೦೨೨ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ಬೆಲೆಬಾಳುವ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟದೆ ಕುಳಿತಿದ್ದಾಗ. ಆ ಬಳಿಕ ಅದೇ ವರ್ಷದ ನವೆಂಬರಿನಿಂದ ಮುಂಬಯಿಯಲ್ಲಿ ಎಲ್ಲರಿಗೂ ಬೆಲ್ಟ್ ಕಡ್ಡಾಯವಾಯಿತು. ನಾನು ಮಗನಿಗೆ ಎರಡು ಷರತ್ತು ಹಾಕಿದೆ: ಹಿಂದೆ ಕುಳಿತವರೂ ಬೆಲ್ಟ್ ಕಟ್ಟದೆ ಗಾಡಿ ಹೊರಡಬಾರದು; ಮತ್ತು ಆ ದೊಡ್ಡ ಬರ್ನರನ್ನು ರಾತ್ರಿಯ ಖಾಲಿ ಹೆದ್ದಾರಿಯಲ್ಲಿ ಪರೀಕ್ಷೆ ಮಾಡಬಾರದು. ಇನ್ನು ಗಾಡಿ ತೀರ ಕುಳ್ಳು. ನಮ್ಮ ಕಾಲೋನಿಯ ಪ್ರತಿ ಸ್ಪೀಡ್ ಬ್ರೇಕರಿಗೂ ಹೊಟ್ಟೆ ಒರೆಸುತ್ತದೆ. ನನ್ನ ಮೊಣಕಾಲಿಗೆ ಹತ್ತಿ ಇಳಿಯುವುದು ಕಷ್ಟ. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ ನಗರದೊಳಗೆ ಹತ್ತು, ಹನ್ನೊಂದು ಕಿಲೋಮೀಟರು.

ಇನ್ನು ಪ್ರಯಾಣ. ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಮೂವರೂ ಹೊರಟೆವು. ಮಗನ ದಿನದ ದಾರಿಯನ್ನು ಹಗಲಲ್ಲಿ ಒಮ್ಮೆ ನೋಡಿಬಿಡಬೇಕು ಎಂಬುದು ನನ್ನ ಆಸೆ. ಕಿಟಕಿಯಲ್ಲಿ ನಿಂತು ಕಲ್ಪಿಸಿಕೊಂಡ ಆ ದಾರಿ ನನಗೆ ಕತ್ತಲ ದಾರಿಯಾಗಿಯೇ ಉಳಿದಿತ್ತು. ಇವರು ಮುಂದೆ, ನಾನು ಹಿಂದೆ, ಬೆಲ್ಟ್ ಕಟ್ಟಿಕೊಂಡು.

ಹೆದ್ದಾರಿಗೆ ಹತ್ತಿ ಉತ್ತರಕ್ಕೆ ತಿರುಗಿದೊಡನೆ ಗಾಡಿ ಮೈಮುರಿದು ಎದ್ದಂತೆ ಮುಂದೆ ಹೋಯಿತು. ಬಲಕ್ಕೆ ಕಾಂಡ್ಲಾದ ಹಸಿರು. ಕಾಂಜೂರ್‌ಮಾರ್ಗ ಬರುತ್ತಲೇ ಕಸದ ಗುಡ್ಡದ ನಾತ. ಮೂವರೂ ಒಟ್ಟಿಗೆ ಗಾಜು ಏರಿಸಿದೆವು. ಭಾಂಡೂಪ್ ಕಳೆಯುವಾಗ ಉಪ್ಪಿನ ಗದ್ದೆಗಳು ಬೆಳಗಿನ ಬಿಸಿಲಿಗೆ ಕನ್ನಡಿಯಾಗಿದ್ದವು. "ಇಲ್ಲಿಯೇ ಬಿದ್ದದ್ದು" ಎಂದು ಮಗ ಒಂದು ಕಡೆ ಕೈ ತೋರಿಸಿದ. ಅಲ್ಲಿ ಹೊಂಡವೂ ಇರಲಿಲ್ಲ, ಗುರುತೂ ಇರಲಿಲ್ಲ. ಡಾಂಬರು ಹಾಕಿದ್ದರು. ನಾನು ಸುಮ್ಮನೆ ಆ ಕಡೆ ನೋಡುತ್ತ ಕುಳಿತೆ. ಇವರು ಹಿಂದಕ್ಕೆ ಕೈ ಚಾಚಿ ನನ್ನ ಕೈ ಮುಟ್ಟಿದರು.

೧೯೯೯ರಲ್ಲಿ ತೆರೆದ ಐರೋಳಿ ಸೇತುವೆಯ ನಾಕಾದಲ್ಲಿ ಈಗ ಕಾರುಗಳಿಗೆ ಟೋಲಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ತೆಗೆದರು. ಸೇತುವೆಯ ಮೇಲಿಂದ ಎರಡೂ ಬದಿಗೆ ಖಾರಿ ಕಾಣುತ್ತದೆ. ಇಲ್ಲಿಗೆ ಚಳಿಗಾಲದಲ್ಲಿ ರಾಜಹಂಸಗಳು, ಅಂದರೆ ನೀವು ಹೇಳುವ ಫ್ಲೆಮಿಂಗೋಗಳು ಬರುತ್ತವೆ. ೨೦೧೫ರಲ್ಲಿ ಈ ಖಾರಿಯನ್ನು ಅವುಗಳ ಅಭಯಾರಣ್ಯ ಎಂದು ಘೋಷಿಸಿದರು; ೨೦೨೨ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನಾವು ಹೋದ ದಿನ ಒಂದೂ ಕಾಣಲಿಲ್ಲ. "ಇನ್ನೂ ಬಂದಿಲ್ಲ, ಜನವರಿಯಲ್ಲಿ ತೋರಿಸುತ್ತೇನೆ ಅಮ್ಮ" ಎಂದ ಮಗ. ಇದೇ ಖಾರಿಯ ತಳದಲ್ಲಿ ಮುಂಬಯಿ ಅಹಮದಾಬಾದ್ ಬುಲೆಟ್ ರೈಲಿನ ಸುರಂಗ ಬರುತ್ತದಂತೆ. ಒಟ್ಟು ೨೧ ಕಿಲೋಮೀಟರಿನ ಸುರಂಗದಲ್ಲಿ ಸುಮಾರು ಏಳು ಕಿಲೋಮೀಟರು ಖಾರಿಯ ಕೆಳಗೆ. ಅದಕ್ಕಾಗಿ ನಮ್ಮ ವಿಕ್ರೋಳಿಯಲ್ಲಿ ಆಳವಾದ ಬಾವಿ ತೋಡಿದ್ದಾರೆ. ಅದೂ ಜಪಾನಿನವರ ವಿದ್ಯೆಯೇ. ಮೇಲೆ ನಮ್ಮ ಇಪ್ಪತ್ತಮೂರು ವರ್ಷದ ಜಪಾನಿ, ಕೆಳಗೆ ಇನ್ನೂ ಹುಟ್ಟಬೇಕಾದ ಜಪಾನಿ!

ಐರೋಳಿಯಲ್ಲಿ ಮಗನ ಕಚೇರಿಯ ಗೇಟಿನೆದುರು ಚಹಾ ಕುಡಿದೆವು. ರಾತ್ರಿ ಎರಡಕ್ಕೆ ಅವನು ಹೊರಬೀಳುವ ಬಾಗಿಲು, ಗಾಡಿ ನಿಲ್ಲಿಸುವ ಜಾಗ, ವಾಚ್‌ಮನ್ ಎಲ್ಲವನ್ನೂ ನೋಡಿದೆ. ಕಂಡರಿಯದ ಜಾಗದ ಬಗ್ಗೆ ಇರುವಷ್ಟು ಹೆದರಿಕೆ ಕಂಡ ಜಾಗದ ಬಗ್ಗೆ ಇರುವುದಿಲ್ಲ.

ಹಿಂದಿರುಗುವಾಗ ಮನೆಯ ತಿರುವು ಬಂದರೂ ಮಗ ತಿರುಗಿಸಲಿಲ್ಲ. "ಎಲ್ಲಿಗೆ?" ಎಂದರೆ ಉತ್ತರವಿಲ್ಲ. ಗಾಡಿ ವಿಕ್ರೋಳಿಯ ಹೊಸ ಸೇತುವೆಯನ್ನು ಏರಿತು. ರೈಲುಹಳಿಯ ಮೇಲಿನ ಈ ಸೇತುವೆಗಾಗಿ ನಾವು ಎಷ್ಟು ವರ್ಷ ಕಾದೆವು! ಪೂರ್ವದಿಂದ ಪಶ್ಚಿಮಕ್ಕೆ ಗಾಡಿಯಲ್ಲಿ ಹೋಗಬೇಕಾದರೆ ಘಾಟ್‌ಕೋಪರ್ ಇಲ್ಲವೇ ಕಾಂಜೂರ್‌ಮಾರ್ಗದ ಕಡೆಯಿಂದ ಸುತ್ತಬೇಕಿತ್ತು. ೨೦೨೫ರ ಜೂನ್ ೧೪ರಂದು ಸಭೆ ಸಮಾರಂಭ ಇಲ್ಲದೆ ತೆರೆದುಬಿಟ್ಟರು. ೬೧೫ ಮೀಟರ್ ಉದ್ದ, ಅಷ್ಟೇ. ಹೋಟೆಲು ನಡೆಸಿದ ಅಷ್ಟೂ ವರ್ಷ ಇವರು ಬೆಳಿಗ್ಗೆ ನಾಲ್ಕಕ್ಕೆದ್ದು ಸ್ಟೇಶನ್ನಿನ ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತಿ ಇಳಿದವರು. ಸಾಮಾನು ತರುವ ದಿನ ಮಾತ್ರ ತಮ್ಮ ಕೈನೆಟಿಕ್ ಹೋಂಡಾ ಸ್ಕೂಟರಿನಲ್ಲಿ ಸುತ್ತು ದಾರಿ ಹಿಡಿಯುತ್ತಿದ್ದರು. ಚಿಕ್ಕ ಮಗ ಆ ಸ್ಕೂಟರಿನ ಮುಂದೆ ನಿಂತು ಹಾರನ್ ಬಾರಿಸುತ್ತಿದ್ದ. ನಮ್ಮ ಮನೆಯ ಮೊದಲ ಹೋಂಡಾ ಅದು.

ಸೇತುವೆ ಇಳಿದು ಮಗ ಸ್ಟೇಶನ್ ಕಡೆಗೆ ತಿರುಗಿಸಿದ. ಹೋಟೆಲಿದ್ದ ಜಾಗದ ಎದುರು ನಿಲ್ಲಿಸಿದ. ಈಗ ಅಲ್ಲಿ ಮೊಬೈಲ್ ಅಂಗಡಿ. ಭಾನುವಾರದ ಬೆಳಗಾದ್ದರಿಂದ ಶಟರ್ ಎಳೆದಿತ್ತು. ೨೦೨೧ರಲ್ಲಿ ಕೀಲಿಕೈ ಕೊಟ್ಟು ಬಂದ ಮೇಲೆ ಇವರು ಆ ರಸ್ತೆಗೆ ಕಾಲಿಟ್ಟಿರಲಿಲ್ಲ. ಸ್ಟೇಶನ್ನಿಗೂ ಬೇರೆ ಬದಿಯಿಂದ ಹೋಗುತ್ತಿದ್ದರು.

"ಪಪ್ಪ, ಆವತ್ತು ನಾನು ಹಾಗೆ ಹೇಳಬಾರದಿತ್ತು" ಎಂದ ಮಗ, ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ.

ಇವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಾಲ ಮಾಡಿದ್ದು ಹೌದು. ಮೂರು ಜನ ಹುಡುಗರ ಸಂಬಳ ಒಂದು ತಿಂಗಳೂ ನಿಲ್ಲಿಸಲಿಲ್ಲ, ಅದೂ ಹೌದು" ಎಂದರು. ಅಷ್ಟೇ. ಮಗನಿಗೆ ಈ ಎರಡನೆಯದು ಗೊತ್ತಿರಲಿಲ್ಲ. ನಾವು ಹೇಳಿರಲಿಲ್ಲ. ಮಕ್ಕಳೆದುರು ಸಾಲದ ಮಾತು ಬೇಡ ಎಂದು ಬಾಗಿಲು ಹಾಕಿಕೊಂಡು ಮಾತಾಡುವವರು ನಾವು. ಬಾಗಿಲಾಚೆಯಿಂದ ಅರ್ಧ ಕೇಳಿಸಿಕೊಂಡ ಮಕ್ಕಳಿಗೆ ಅರ್ಧವೇ ತಿಳಿದಿರುತ್ತದೆ. ತಪ್ಪು ಅವರದೊಂದೇ ಅಲ್ಲ.

"ನಡಿ, ಸೆಕೆ ಆಗುತ್ತದೆ. ಗೇರು ಮೂರರಿಂದ ನಾಲ್ಕಕ್ಕೆ ಹಾಕುವಾಗ ಒಂದು ಸಣ್ಣ ಶಬ್ದ ಉಂಟಲ್ಲ, ಕೇಳಿದಿಯಾ? ಶನಿವಾರ ತೋರಿಸುವ" ಎಂದರು ಇವರು.

ಆ ಶನಿವಾರದ ಗ್ಯಾರೇಜಿಗೆ ಹೋದದ್ದು, ಮತ್ತೆ ಎರಡು ಸಾವಿರ ಬಿಚ್ಚಿದ್ದು ಬೇರೆ ಕಥೆ. ಮಕ್ಕಳೇ, ನಿಮ್ಮಲ್ಲಿ ಯಾರಿಗಾದರೂ ಇಂಥ ಹಳೆಯ ಗಾಡಿಯ ಮೇಲೆ ಮನಸ್ಸಾದರೆ ಕಾರ್ಪೆಟ್ ಎತ್ತಿ ನೋಡದೆ ಟೋಕನ್ ಕೊಡಬೇಡಿ. ನೋಡಲು ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಅವರಿಗೆ ವಿಟೆಕ್ ಗೊತ್ತಿರಲಾರದು. ಆದರೆ ಈ ಊರಿನ ಕೆಸರು ಗೊತ್ತಿರುತ್ತದೆ.

ರಾತ್ರ್ರಿ ಎರಡೂವರೆಗೆ ಈಗಲೂ ನನಗೆ ಎಚ್ಚರವಾಗುತ್ತದೆ. ಕಿಟಕಿಗೆ ಹೋಗುವುದಿಲ್ಲ. ಕೆಳಗೆ ಸ್ಪೀಡ್ ಬ್ರೇಕರಿಗೆ ಗಾಡಿಯ ಹೊಟ್ಟೆ ಕರ್ರ್ ಎಂದು ಒರೆಸಿದ ಸದ್ದು ಕೇಳಿಸಿದರೆ ಸಾಕು, ಮಗ್ಗುಲಾಗಿ ಮಲಗುತ್ತೇನೆ. ಪಕ್ಕದಲ್ಲಿ ಇವರೂ ಮಗ್ಗುಲಾಗುವುದು ಗೊತ್ತಾಗುತ್ತದೆ.